ಕೊಕ್ಕರೆಯ ಗಿರಾಕಿಗಳು

ನಮ್ಮತ್ತೆಯ ಬಗ್ಗೆ ಬರೆಯುತ್ತೇನೆ ಅಂದಾಗ ನನ್ನ ಹೆಂಡತಿ, “ಏನಾದ್ರೂ ಬರೀರಿ, ಆದ್ರೆ ಮರ್ಯಾದೆಯಾಗಿ ಬರೀರಿ” ಅಂದಳು. ಮರ್ಯಾದೆಯಾಗಿಯೇ ಬರೆಯುತ್ತೇನೆ. ಹೋಗುವುದಿದ್ದರೆ ನನ್ನ ಮರ್ಯಾದೆ ಹೋಗಲಿ, ಅದನ್ನು ಮೊದಲೇ ಕಳೆದುಕೊಂಡುಬಿಡುತ್ತೇನೆ: ನಾನು ಮನೆ ಅಳಿಯ. ನಗುವವರು ನಕ್ಕುಬಿಡಿ, ಕಾಯುತ್ತೇನೆ. ನಾನು ಮಕ್ಕಳಿಗೆ ಈಜು ಕಲಿಸುವ ಕೊಳ ಅತ್ತೆಯ ಮನೆಯಿಂದ ನೂರು ಹೆಜ್ಜೆ. ನಮ್ಮಪ್ಪನ ಮನೆಯಿಂದಾದರೆ ಎರಡು ಬಸ್ಸು ಬದಲಾಯಿಸಬೇಕು. ಕಾರಣ ಇಷ್ಟೇ, ಉಳಿದದ್ದೆಲ್ಲ ನೆಂಟರ ಕಲ್ಪನೆ.

ಮನೆಯಲ್ಲಿ ನಾವು ಐದು ಜನ. ಅತ್ತೆ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಮಾವ, ಐಸ್ ಫ್ಯಾಕ್ಟರಿಯಲ್ಲಿ ದುಡಿಯುವ ಬಾಮೈದ, ನನ್ನ ಹೆಂಡತಿ, ನಾನು. ಕೋಣೆ ಮೂರು, ಬಚ್ಚಲು ಒಂದು, ಬಾಯಿ ಐದು. ಅದರಲ್ಲಿ ಅತ್ತೆಯ ಬಾಯಿ ಒಂದು ಕೈ ಮೇಲೆ.

ಅತ್ತೆ ಕೆಲಸ ಮಾಡುತ್ತಿದ್ದದ್ದು ನೆಲ ಒರೆಸುವ ಫಿನಾಯಿಲ್ ತಯಾರಿಸುವ ಕಾರ್ಖಾನೆಯಲ್ಲಿ. ವರ್ಷದಲ್ಲಿ ಹನ್ನೊಂದು ತಿಂಗಳು ಬಾಟಲಿಗೆ ಚೀಟಿ ಅಂಟಿಸುವವರ ಸಾಲಿನಲ್ಲಿ ಕೂರುತ್ತಿದ್ದರು. ಹನ್ನೆರಡನೇ ತಿಂಗಳು ಮಾತ್ರ ಅವರು ಮಹಾರಾಣಿ. ಆಗ ಮೇಲಿನ ಮಹಡಿಯ ಹಿಂದಿನ ಕೋಣೆಯ ಬೀಗ ತೆಗೆಯುತ್ತಿದ್ದರು. ಒಳಗೆ ಒಬ್ಬರೇ ನಿಂತು ಕೊಕ್ಕರೆ ಮಾರ್ಕ್ ಬೂಟ್ ಪಾಲಿಶ್ ತಯಾರಿಸುತ್ತಿದ್ದರು. ಡಬ್ಬಿಯ ಮುಚ್ಚಳದ ಮೇಲೆ ಒಂಟಿಕಾಲಲ್ಲಿ ನಿಂತ ಕೊಕ್ಕರೆ, ನೆಲದ ಮೇಲಿರುವ ಆ ಒಂದು ಕಾಲಿಗೆ ಮಿರಮಿರ ಮಿಂಚುವ ಕಪ್ಪು ಬೂಟು. ಇನ್ನೊಂದು ಬೂಟು ಎಲ್ಲಿ ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ. ಅತ್ತೆ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಪಾಲಿಶ್ ಮಾಡುವುದು ನೋಡಲು ಸುಲಭ. ಜೇನುಮೇಣ, ಇನ್ನೊಂದು ಗಟ್ಟಿ ಮೇಣ, ಎರಡನ್ನೂ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಆಮೇಲೆ ಒಲೆ ಆರಿಸಿ, ಪಾತ್ರೆಯನ್ನು ದೂರ ಒಯ್ದು, ಟರ್ಪೆಂಟೈನ್ ಮತ್ತು ಕಪ್ಪು ಬಣ್ಣದ ಪುಡಿ ಹಾಕಿ ಕಲಕಬೇಕು. ಕಷ್ಟ ಇರುವುದು ಡಬ್ಬಿಗೆ ಸುರಿಯುವಾಗ. ಬಿಸಿ ಹೆಚ್ಚಾದರೆ ಆರಿದ ಮೇಲೆ ನಡುವೆ ಕುಳಿ ಬೀಳುತ್ತದೆ, ಕಡಿಮೆಯಾದರೆ ಮೈಯೆಲ್ಲ ಸುಕ್ಕು. ಅತ್ತೆ ಯಾವ ಅಳತೆಗೋಲನ್ನೂ ಇಟ್ಟುಕೊಂಡವರಲ್ಲ. ಅಂಗೈಯ ಹಿಂಬದಿಯನ್ನು ಪಾತ್ರೆಗೆ ತಾಗಿಸಿ, “ಇನ್ನೂ ಸಿಟ್ಟಲ್ಲಿದೆ” ಅನ್ನುತ್ತಿದ್ದರು. ಇನ್ನೊಂದು ಗಳಿಗೆ ಬಿಟ್ಟು ಮತ್ತೆ ಮುಟ್ಟಿ, “ಈಗ ಸಮಾಧಾನ ಆಯ್ತು” ಎಂದು ಸುರಿಯುತ್ತಿದ್ದರು. ಆರಿದ ಪಾಲಿಶಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು, ಹಾಗೆ.

ಕಾರ್ಖಾನೆ ಶುರುವಾದದ್ದೇ ಈ ಪಾಲಿಶಿನಿಂದ. ಆಮೇಲೆ ಫಿನಾಯಿಲ್ ಕೈಹಿಡಿಯಿತು, ಪಾಲಿಶನ್ನು ಕೇಳುವವರಿಲ್ಲವಾದರು. ಹಳೆಯ ಯಜಮಾನರ ಮಗ ಅದನ್ನು ನಿಲ್ಲಿಸಲು ಹೊರಟಾಗ ಕಂಪನಿಯ ವಕೀಲೆ ಅಡ್ಡ ಬಂದರು. ಟ್ರೇಡ್‌ಮಾರ್ಕನ್ನು ರಿಜಿಸ್ಟರ್ ಮಾಡಿಸಿದರೆ ಸಾಲದು, ಅದನ್ನು ಬಳಸುತ್ತಿರಬೇಕು. ಐದು ವರ್ಷ ಸುಮ್ಮನೆ ಬಿಟ್ಟರೆ ಯಾರು ಬೇಕಾದರೂ ಅರ್ಜಿ ಹಾಕಿ ರಿಜಿಸ್ಟರಿನಿಂದ ತೆಗೆಸಿ, ಅದೇ ಕೊಕ್ಕರೆಯನ್ನು ತಮ್ಮ ಡಬ್ಬಿಯ ಮೇಲೆ ಕೂರಿಸಿಕೊಳ್ಳಬಹುದು. “ವರ್ಷಕ್ಕೆ ಸ್ವಲ್ಪ ಮಾಡಿ ಅಂಗಡಿಗೆ ಹಾಕ್ತಾ ಇರಿ, ಹೆಸರು ಉಸಿರಾಡ್ತಾ ಇರುತ್ತೆ” ಅಂದರಂತೆ. ಹಾಗೆ ನಮ್ಮತ್ತೆ ವರ್ಷಕ್ಕೊಂದು ತಿಂಗಳು ಕೊಕ್ಕರೆಗೆ ಉಸಿರು ಕೊಡುವವರಾದರು. ಆದರೆ ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಎಲ್ಲೋ ನಾಲ್ಕು ಜನ ತಿಳಿದವರು ತಮ್ಮ ಪಾಲಿಶಿಗಾಗಿ ಕಾಯುತ್ತಿದ್ದಾರೆ, ಅವರಿಗಾಗಿಯೇ ಕಂಪನಿ ಈ ಕೋಣೆಯನ್ನು ಉಳಿಸಿಕೊಂಡಿದೆ ಎಂದು ಅವರು ನಂಬಿದ್ದರು. ಚೀಟಿ ಅಂಟಿಸುವ ಹನ್ನೊಂದು ತಿಂಗಳನ್ನು ಆ ನಂಬಿಕೆಯ ಮೇಲೆಯೇ ಕಳೆಯುತ್ತಿದ್ದರು.

ಒಂದು ವರ್ಷ ಅಂಗಡಿಗಳಿಂದ ಎರಡು ಪೆಟ್ಟಿಗೆ ಪಾಲಿಶ್ ಮಾರಾಟವಾಗದೆ ವಾಪಸು ಬಂತು. ಅತ್ತೆ ಮನೆಗೆ ಬಂದು, “ಧೂಳು ಹಿಡಿದಿತ್ತು. ಒರೆಸಿಯೂ ಇಟ್ಟಿರಲಿಲ್ಲ” ಅಂದರು. ಅಷ್ಟೇ. ಊಟಕ್ಕೆ ಕೂತವರು ತಟ್ಟೆ ಮುಂದಕ್ಕೆ ತಳ್ಳಿ ಎದ್ದರು. ಎರಡು ದಿನ ಮನೆಯಲ್ಲಿ ಯಾರಿಗೂ ಬೈಗುಳ ಬೀಳಲಿಲ್ಲ. ನಮ್ಮ ಮನೆಯಲ್ಲಿ ಬೈಗುಳ ಇಲ್ಲವೆಂದರೆ ಜ್ವರ ಬಂದಿದೆ ಎಂದೇ ಲೆಕ್ಕ.

ನನಗೆ ತಡೆಯಲಾಗಲಿಲ್ಲ. ಮಾರುಕಟ್ಟೆ ಬೀದಿಯ ಅಂಗಡಿಗೆ ಹೋಗಿ ನಾಲ್ಕು ಡಬ್ಬಿ ಕೊಕ್ಕರೆ ಪಾಲಿಶ್ ತಂದೆ. ಮುಂದಿನ ತಿಂಗಳು ಮತ್ತೆ ನಾಲ್ಕು. ನನ್ನ ಬಳಿ ಆಗ ಬೂಟಿರಲಿಲ್ಲ, ಎಂದೂ ಇದ್ದದ್ದಿಲ್ಲ. ಡಬ್ಬಿಗಳನ್ನು ಈಜುಕೊಳದ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ, ನನ್ನ ಬೀರುವಿನಲ್ಲಿ ಬಚ್ಚಿಟ್ಟೆ. ಹೆಂಡತಿಗೂ ಹೇಳಲಿಲ್ಲ. ಮನೆ ಅಳಿಯನಾಗಿ ಒಂದಾದರೂ ಗುಟ್ಟು ಇಟ್ಟುಕೊಂಡೆನೆಂಬ ಹೆಮ್ಮೆ ಬೇರೆ.

ಮುಂದಿನ ವರ್ಷ ಪೆಟ್ಟಿಗೆಗಳು ವಾಪಸು ಬರಲಿಲ್ಲ. ಅಂಗಡಿಯವರು ಇನ್ನೂ ಬೇಕು ಅಂದರು. ಕೊಕ್ಕರೆಯ ತಿಂಗಳು ಎರಡು ತಿಂಗಳಾಯಿತು. ಅತ್ತೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದು, “ನಾನು ಹೇಳಿರಲಿಲ್ವಾ? ಗೊತ್ತಿದ್ದವರಿಗೆ ಗೊತ್ತಾಗತ್ತೆ” ಎಂದು ಎಲ್ಲರಿಗೂ ಸರಿಸಮವಾಗಿ ಬೈದರು. ಮಾವ ನನ್ನ ಕಡೆ ನೋಡಿ ಮುಗುಳ್ನಕ್ಕರು. ತಮ್ಮ ಹೆಂಡತಿಯ ಸಂತೋಷ ಕಂಡು ನಗುತ್ತಿದ್ದಾರೆ ಅಂದುಕೊಂಡೆ. ಇಷ್ಟೊಂದು ಮಾರಾಟಕ್ಕೆ ನನ್ನ ನಾಲ್ಕು ಡಬ್ಬಿ ಹೇಗೆ ಸಾಕಾಯಿತು ಎಂದು ಯೋಚಿಸುವಷ್ಟು ಬುದ್ಧಿಯನ್ನು ದೇವರು ನನಗೆ ಕೊಟ್ಟಿಲ್ಲ.

ಆಮೇಲೆ ನೋಟೀಸು ಬಂತು. ಮಕ್ಕಳ ಶೂ ಮಾಡುವ ದೊಡ್ಡ ಕಂಪನಿಯೊಂದಕ್ಕೆ ಕೊಕ್ಕರೆ ಬೇಕಾಗಿತ್ತು. ಈ ಮಾರ್ಕಿಗೆ ನಿಜವಾದ ವ್ಯಾಪಾರವೇ ಇಲ್ಲ, ಹೆಸರು ಹಿಡಿದಿಟ್ಟುಕೊಳ್ಳಲು ಆಡುವ ನಾಟಕ ಇದು, ರಿಜಿಸ್ಟರಿನಿಂದ ತೆಗೆಯಿರಿ ಎಂದು ಅರ್ಜಿ ಹಾಕಿದ್ದರು. ನಾಟಕವಲ್ಲವೆಂದು ತೋರಿಸಲು ನಮ್ಮ ಕಂಪನಿಗೆ ಗಿರಾಕಿಗಳು ಬೇಕಾದರು. ವಕೀಲೆ ಮೂರು ಅಂಗಡಿಗೆ ಹೇಳಿಕಳಿಸಿದರು: ಕೊಕ್ಕರೆ ಪಾಲಿಶನ್ನು ತಪ್ಪದೆ ಕೊಳ್ಳುವ ಒಬ್ಬೊಬ್ಬರನ್ನು ಕಳಿಸಿಕೊಡಿ, ಸಾಕ್ಷಿ ಹೇಳಲಿ.

ಮಾರುಕಟ್ಟೆ ಬೀದಿಯ ಅಂಗಡಿಯವನು ನನ್ನನ್ನು ಹಿಡಿದ. ಅತ್ತೆಯ ಕೋಣೆ ಉಳಿಯುವ ಪ್ರಶ್ನೆ, ಇಲ್ಲ ಅನ್ನಲಾಗಲಿಲ್ಲ. ಹೇಳಿದ ದಿನ ವಕೀಲೆಯ ಆಫೀಸಿಗೆ ಹೋದೆ. ಹೊರಗಿನ ಬೆಂಚಿನ ಮೇಲೆ ಮಾವ ಪೇಪರ್ ಓದುತ್ತಾ ಕೂತಿದ್ದರು.

“ನೀವೇನ್ರೀ ಇಲ್ಲಿ, ಅಳಿಯಂದ್ರೇ?”

“ನೀವೇನು ಮಾವ ಇಲ್ಲಿ?”

ಮಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. “ಕಣ್ಣಿನ ಡಾಕ್ಟ್ರನ್ನ ನೋಡೋಕೆ ಬಂದೆ.”

“ಇದು ವಕೀಲರ ಆಫೀಸು ಮಾವ.”

“ಅದಕ್ಕೇ ಕಣ್ಣು ತೋರಿಸ್ಬೇಕು ಅಂದಿದ್ದು.”

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಾಮೈದ ಬಂದ. ಕಾಲಲ್ಲಿ ಐಸ್ ಫ್ಯಾಕ್ಟರಿಯ ಮೊಣಕಾಲುದ್ದದ ರಬ್ಬರ್ ಬೂಟು. ಅಪ್ಪನನ್ನು ನೋಡಿದ, ನನ್ನನ್ನು ನೋಡಿದ, ತಿರುಗಿ ಹೊರಟ. “ಬಾರೋ, ಕೂತ್ಕೋ” ಅಂದರು ಮಾವ. ಮೂವರೂ ಒಂದೇ ಬೆಂಚಿನ ಮೇಲೆ, ಶಾಲೆಯಲ್ಲಿ ಸಿಕ್ಕಿಬಿದ್ದವರ ಹಾಗೆ ಕೂತೆವು. ಅತ್ತೆ ತಟ್ಟೆ ತಳ್ಳಿ ಎದ್ದ ಆ ವಾರವೇ ಮೂವರೂ ಒಬ್ಬರಿಗೊಬ್ಬರು ತಿಳಿಯದಂತೆ ಮೂರು ಬೇರೆ ಬೇರೆ ಅಂಗಡಿ ಹಿಡಿದಿದ್ದೆವು. ಮಾವನ ಡಬ್ಬಿಗಳು ಅವರ ಹಳೆಯ ಕಂಡಕ್ಟರ್ ಟ್ರಂಕಿನಲ್ಲಿದ್ದವು, ಬಾಮೈದನವು ಐಸ್ ಫ್ಯಾಕ್ಟರಿಯ ಮೂಟೆಗಳ ಹಿಂದೆ.

ಪಾಪ, ವಕೀಲೆ ಸಂಭ್ರಮದಿಂದ ಒಳಗೆ ಕರೆದರು. “ಊರಿನ ಮೂರು ಮೂಲೆಯಿಂದ ಮೂವರು ಗಿರಾಕಿಗಳು! ಇದಕ್ಕಿಂತ ಇನ್ನೇನು ಬೇಕು?” ಎಂದು ಫಾರ್ಮು ತೆಗೆದು ವಿಳಾಸ ಕೇಳಿದರು. ನಾನು ಹೇಳಿದೆ. ಮಾವ ಅದೇ ಹೇಳಿದರು. ಬಾಮೈದ, “ಅದೇ ಮೇಡಂ” ಅಂದ. ವಕೀಲೆ ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು, ತಲೆ ಮೇಲೆ ಕೈ ಹೊತ್ತು ಕೂತರು. “ಬೇರೆ ಯಾರೂ ಇಲ್ವಾ? ಒಬ್ಬರಾದ್ರೂ?” ಅಂದರು. ಅಂಗಡಿಯವರಿಗೆ ಮತ್ತೆ ಹೇಳಿಕಳಿಸಿ ಕೇಳಿದರು. ಒಬ್ಬರೂ ಇರಲಿಲ್ಲ.

“ಸುಳ್ಳು ಹೇಳೋದು ಬೇಡ. ಕೇಳದೆ ಇದ್ರೆ ಹೇಳೋದೂ ಬೇಡ” ಎಂದು ತೀರ್ಮಾನವಾಯಿತು. ನನಗೆ ಕೇಸಿನ ಚಿಂತೆ ಇರಲಿಲ್ಲ. ವಿಚಾರಣೆಯ ದಿನ ಪಾಲಿಶ್ ಮಾಡುವವರು ಎಂದು ಅತ್ತೆಯನ್ನೂ ಕರೆದಿದ್ದರು, ಅದರ ಚಿಂತೆ. ಕೊಕ್ಕರೆ ಹೋದರೆ ಹೋಗಲಿ. ಕಾಯುತ್ತಿದ್ದ ಆ ನಾಲ್ಕು ಜನ ಯಾರೆಂದು ಅತ್ತೆಗೆ ಗೊತ್ತಾಗಬಾರದು.

ಆ ದಿನ ಮೂವರೂ ಬೇರೆ ಬೇರೆ ನೆಪ ಹೇಳಿ, ಬೇರೆ ಬೇರೆ ಹೊತ್ತಿಗೆ ಮನೆ ಬಿಟ್ಟು, ಟ್ರೇಡ್‌ಮಾರ್ಕ್ ಆಫೀಸಿನ ಒಂದೇ ಬಾಗಿಲಲ್ಲಿ ಸೇರಿದೆವು. ಒಳಗೆ ಕಡತಗಳ ಕಪಾಟು, ಉದ್ದನೆಯ ಮೇಜು, ಮೇಜಿನ ಆ ಕಡೆ ಅಧಿಕಾರಿ. ಎರಡನೇ ಸಾಲಿನಲ್ಲಿ ಅತ್ತೆ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಮಡಿಲಲ್ಲಿ ಒಂದು ಡಬ್ಬಿ ಇಟ್ಟುಕೊಂಡು ಕೂತಿದ್ದರು. ನಮ್ಮನ್ನು ನೋಡಿ ಮುಖ ಅರಳಿತು. “ನಾನು ಮಾತಾಡೋದನ್ನ ಕೇಳೋಕೆ ಬಂದ್ರಾ? ಹೇಳಬಾರ್ದಾ, ಒಟ್ಟಿಗೇ ಬರ್ತಿದ್ವಿ” ಅಂದರು. ನಾನು ಅವರ ಹಿಂದಿನ ಸಾಲಿನಲ್ಲಿ ಕೂತೆ. ಅವರು ಆಗಲೇ ಪಿಸುಮಾತಿಗೆ ಇಳಿದಿದ್ದರು: “ಆ ಕಡೆ ವಕೀಲರ ಬೂಟು ನೋಡಿ ಅಳಿಯಂದ್ರೇ. ಅದು ಪಾಲಿಶ್ ಅಲ್ಲ, ಎಣ್ಣೆ ಸವರಿದ್ದು.”

ಮೊದಲು ನನ್ನನ್ನೇ ಕರೆದರು. ಶೂ ಕಂಪನಿಯ ವಕೀಲರು ಬಹಳ ಮೃದು ಮಾತಿನವರು.

“ನೀವು ಏನು ಕೆಲಸ ಮಾಡ್ತೀರಿ?”

“ಈಜು ಕಲಿಸ್ತೀನಿ.”

“ಕೆಲಸದಲ್ಲಿ ಕಾಲಿಗೆ ಏನು ಹಾಕ್ಕೋತೀರಿ?”

“ಏನೂ ಇಲ್ಲ.”

“ಮನೆಯಿಂದ ಕೊಳಕ್ಕೆ ಹೋಗುವಾಗ?”

“ಹವಾಯಿ ಚಪ್ಪಲಿ.”

“ಎರಡು ವರ್ಷದಲ್ಲಿ ತೊಂಬತ್ತಾರು ಡಬ್ಬಿ ಕಪ್ಪು ಪಾಲಿಶ್ ತಗೊಂಡಿದೀರಿ. ಯಾವುದಕ್ಕೆ ಹಚ್ಚಿದ್ರಿ?”

ಸುಳ್ಳು ಬೇಡವೆಂಬ ತೀರ್ಮಾನ ಅಲ್ಲೇ ಮರೆತುಹೋಯಿತು. “ಬೆಲ್ಟಿಗೆ” ಅಂದೆ. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಅವರ ಮೀಸೆ ಅಲುಗಿತು. ಈಜುವವನ ಬೆಲ್ಟು ಎಂಥದ್ದಿರಬಹುದು ಎಂದು ಅವರು ಮನಸ್ಸಿನಲ್ಲೇ ಅಳೆಯುತ್ತಿರುವುದು ನನಗೆ ಕಾಣುತ್ತಿತ್ತು.

“ಕೊನೇ ಪ್ರಶ್ನೆ” ಅಂದರು ವಕೀಲರು. “ಈ ಪಾಲಿಶ್ ಮಾಡೋರು ನಿಮಗೆ ಏನಾಗಬೇಕು?”

ಕೇಳದೆ ಇದ್ದರೆ ಹೇಳುವುದು ಬೇಡವಿತ್ತು. ಕೇಳಿಬಿಟ್ಟರು. “ನಮ್ಮತ್ತೆ” ಅಂದೆ.

ಆಮೇಲೆ ಮಾವ ಬಂದು, ಕಾಲು ಊತದಿಂದಾಗಿ ಹತ್ತು ವರ್ಷದಿಂದ ಬಿಳಿ ಬಟ್ಟೆಯ ಶೂ ಬಿಟ್ಟು ಬೇರೇನೂ ಹಾಕಿಲ್ಲವೆಂದು ಒಪ್ಪಿಕೊಂಡರು. ಬಾಮೈದ ಬಂದು, ರಬ್ಬರ್ ಬೂಟಿಗೆ ಪಾಲಿಶ್ ಹಿಡಿಯುವುದಿಲ್ಲವೆಂದು ಒಪ್ಪಿಕೊಂಡ. ಕೋಣೆಯಲ್ಲಿ ಒಬ್ಬಿಬ್ಬರು ನಕ್ಕರು. ನಾನು ಅತ್ತೆಯ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಅವರ ಸರದಿ ಬಂದಾಗ ಅತ್ತೆ ಮೇಜಿನ ಬಳಿ ಹೋಗಿ ಡಬ್ಬಿಯನ್ನು ಅಧಿಕಾರಿಯ ಮುಂದಿಟ್ಟರು. ವಕೀಲೆ ಹೇಳಿಕೊಟ್ಟ ಯಾವ ಮಾತನ್ನೂ ಆಡಲಿಲ್ಲ.

“ಸಾರ್, ಹಕ್ಕಿಯನ್ನ ಯಾರಿಗಾದ್ರೂ ಕೊಡಿ. ಇದನ್ನ ಒಂದು ಸಲ ಹಚ್ಚಿ ನೋಡಿ. ಚೆನ್ನಾಗಿದೆಯೋ ಇಲ್ವೋ, ಅದೊಂದು ಹೇಳಿ.”

ಅಧಿಕಾರಿ ಒಳ್ಳೆಯ ಮನುಷ್ಯ. ಡಬ್ಬಿಯನ್ನು ಎರಡು ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿದರು. “ಅಮ್ಮಾ, ಅದು ಈ ಆಫೀಸಿನ ಕೆಲಸ ಅಲ್ಲ. ಮುಚ್ಚಳದ ಮೇಲಿರೋ ಚಿತ್ರ ಮಾತ್ರ ನಾವು ನೋಡೋದು. ಒಳಗಿರೋದನ್ನ ನೋಡೋ ಹಾಗಿಲ್ಲ.”

ಬಸ್ಸಿನಲ್ಲಿ ಅತ್ತೆ ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ಒಬ್ಬರೇ ಕೂತರು. ಮನೆಗೆ ಬಂದವರೇ, “ತಗೊಂಬನ್ನಿ” ಅಂದರು. ಏನನ್ನು ಎಂದು ಕೇಳುವಷ್ಟು ಪೆದ್ದರು ಯಾರೂ ಇರಲಿಲ್ಲ. ಸಂಜೆಯೊಳಗೆ ಟ್ರಂಕಿನಿಂದ, ಬೀರುವಿನಿಂದ, ಐಸ್ ಫ್ಯಾಕ್ಟರಿಯಿಂದ ಬಂದ ಡಬ್ಬಿಗಳೆಲ್ಲ ನಡುಮನೆಯ ನೆಲದ ಮೇಲೆ ಸಾಲಾಗಿ ಕೂತವು, ಮುನ್ನೂರರ ಮೇಲೆ. ನನ್ನ ಹೆಂಡತಿ ಗೋಡೆಗೊರಗಿ ನಿಂತು ನಮ್ಮ ಮೂವರನ್ನೂ ಬೆಪ್ಪುತಕ್ಕಡಿಗಳನ್ನು ನೋಡುವ ಹಾಗೆ ನೋಡಿದಳು.

ಅತ್ತೆ ಬೈಯುತ್ತಾರೆ, ಬೈದರೆ ಮುಗಿಯುತ್ತದೆ ಅಂದುಕೊಂಡಿದ್ದೆ. ಅವರು ಕೆಳಗೆ ಕೂತು ಒಂದೊಂದೇ ಡಬ್ಬಿಯ ಮುಚ್ಚಳ ತಿರುಗಿಸಿ ನೋಡುತ್ತಾ ಹೋದರು. ಪ್ರತಿಯೊಂದರಲ್ಲೂ ಪಾಲಿಶ್ ಸುರಿದ ದಿನ ಇದ್ದ ಹಾಗೆಯೇ ಇತ್ತು. ಬೆರಳು ತಾಗಿದ ಗುರುತಿಲ್ಲ.

“ಒಂದನ್ನಾದ್ರೂ ತೆಗೆದು ನೋಡಬಾರದಿತ್ತಾ?” ಅಂದರು. “ಒಂದನ್ನಾದ್ರೂ?”

ನಾವು ಮಾಡಿದ್ದು ಒಳ್ಳೆಯದೆಂದೇ ಎರಡು ವರ್ಷ ಬೀಗಿದ್ದೆ. ಆ ಗಳಿಗೆಯಲ್ಲಿ ಅಂಗಡಿಯ ಧೂಳಿಗಿಂತ ನಾವೇ ಕಡೆ ಅನ್ನಿಸಿತು. ನಾಚಿಕೆಯಾಯಿತು, ಅದನ್ನು ಈಗಲೂ ಹೇಳುತ್ತೇನೆ.

ಮೂರು ವಾರಕ್ಕೆ ಆದೇಶ ಬಂತು. ಕೊಕ್ಕರೆಯ ಹೆಸರನ್ನು ರಿಜಿಸ್ಟರಿನಿಂದ ಹೊಡೆದುಹಾಕಿದ್ದರು. ಕಂಪನಿಯವರು ಮರುದಿನವೇ ಹಿಂದಿನ ಕೋಣೆಗೆ ಖಾಲಿ ಬಾಟಲಿಗಳನ್ನು ತುಂಬಿದರು. ಅತ್ತೆ ಯಜಮಾನರ ಬಳಿ ಹೋಗಿ ಕರಗಿಸುವ ಪಾತ್ರೆ, ಸೌಟು, ಇದ್ದಬದ್ದ ಮೇಣ ಕೇಳಿದರು. ಗುಜರಿಗೆ ಹಾಕುವ ಕೆಲಸ ತಪ್ಪಿತೆಂದು ಅವರು ಖುಷಿಯಿಂದ ಕೊಟ್ಟರು. ವಕೀಲೆ ಮಾತ್ರ ಎಚ್ಚರಿಸಿ ಕಳಿಸಿದರು: “ಮಾರೋದಾದ್ರೆ ಮಾರಿ. ಆದ್ರೆ ಕೊಕ್ಕರೆ ಇನ್ನು ನಮ್ಮದಲ್ಲ. ಒಂದು ಡಬ್ಬಿ ಮೇಲೆ ಅದರ ಕಾಲು ಕಂಡ್ರೂ ಅವರು ಬಿಡಲ್ಲ.”

ಹಾಗಾಗಿ ನಮ್ಮ ಶಿಕ್ಷೆ ನಿಗದಿಯಾಯಿತು. ಎರಡು ಭಾನುವಾರ ಮಾವ, ಬಾಮೈದ, ನಾನು ಉಪ್ಪುಕಾಗದ ಹಿಡಿದು ಮುನ್ನೂರು ಕೊಕ್ಕರೆಗಳನ್ನು ಉಜ್ಜಿ ತೆಗೆದೆವು. ಬಾಮೈದ ನಾಲ್ಕು ಮುಚ್ಚಳದ ಮೇಲೆ ಬೂಟನ್ನಷ್ಟೇ ಉಳಿಸಿದ್ದ, “ಚೆನ್ನಾಗಿ ಕಾಣತ್ತಮ್ಮ” ಎಂದು. ಅತ್ತೆ ಆ ನಾಲ್ಕನ್ನೂ ಅವನ ಮುಂದೆಯೇ ಕುಕ್ಕಿದರು.

ರಜೆಯ ದಿನಗಳಲ್ಲಿ ಅವರು ರೈಲು ನಿಲ್ದಾಣದ ಮೆಟ್ಟಿಲ ಪಕ್ಕ ಒಂದು ಮಡಚುವ ಮೇಜು ಹಾಕಿ ಕೂರತೊಡಗಿದರು. ಮೇಜಿನ ಮೇಲೆ ಬೋಳು ಡಬ್ಬಿಗಳು, ಒಂದು ಬ್ರಷ್, ಒಂದು ಬಟ್ಟೆ. ಹೆಸರಿಲ್ಲ, ಬೋರ್ಡಿಲ್ಲ. ಕಾನೂನು ಒಂದೇ: ಮನೆಯವರಿಗೆ ಮಾರುವುದಿಲ್ಲ. ನಾನು ಹಟಕ್ಕೆ ಬಿದ್ದು ಒಂದು ಜೊತೆ ಚರ್ಮದ ಬೂಟು ಕೊಂಡು, ಹಾಕಿಕೊಂಡು ಹೋಗಿ ಮೇಜಿನ ಮುಂದೆ ನಿಂತೆ. “ಮುಂದೆ ಹೋಗಿ ಸ್ವಾಮಿ, ಜನ ಕಾಯ್ತಿದಾರೆ” ಅಂದರು. ಹಿಂದೆ ಯಾರೂ ಇರಲಿಲ್ಲ.

ಕೊಳ್ಳುವವರು ಇದ್ದರು. ಅತ್ತೆಯ ಮಾತಿಗೆ ಸಿಕ್ಕಿ ತಪ್ಪಿಸಿಕೊಂಡವರು ಕಡಿಮೆ. ನಾನು ಎದುರಿನ ಪೇಪರ್ ಅಂಗಡಿಯ ಮರೆಯಲ್ಲಿ ನಿಂತು ನೋಡಿ ಬಂದು, ವ್ಯಾಪಾರ ಚೆನ್ನಾಗಿದೆ ಎಂದು ಊಟದ ಹೊತ್ತಿಗೆ ಹೇಳಿದೆ.

“ಮೊದಲನೇ ಡಬ್ಬಿ ನನ್ನ ಬಾಯಿ ನೋಡಿ ತಗೋತಾರೆ” ಅಂದರು ಅತ್ತೆ. “ಎರಡನೇದು ತಗೋಬೇಕು. ಆಗ ಮಾತಾಡಿ.”

ಒಂದು ಡಬ್ಬಿ ಮುಗಿಯಲು ಎರಡು ತಿಂಗಳಾದರೂ ಬೇಕು. ಎರಡು ತಿಂಗಳು ಕಳೆಯಿತು. ಅತ್ತೆ ಪ್ರತಿ ವಾರ ಹೋಗಿ ಬಂದು, ಮೇಜು ಮಡಚಿ ಗೋಡೆಗೆ ಒರಗಿಸಿ, ನೇರ ಒಳಗೆ ಹೋಗುತ್ತಿದ್ದರು. ಇನ್ನೊಂದು ವಾರ ಹೀಗೇ ಆದರೆ ಪಾತ್ರೆಯನ್ನು ಗುಜರಿಗೆ ಹಾಕುತ್ತೇನೆ ಎಂದು ಮಗಳ ಬಳಿ ಅಂದರಂತೆ. ಹೆಂಡತಿ ನಮ್ಮ ಮೂವರನ್ನೂ ಮೂಲೆಗೆ ಕರೆದು ಕಣ್ಣು ಕೆಂಪಗೆ ಮಾಡಿದಳು. “ಯಾರಾದ್ರೂ ಗಿರಾಕಿನ ಗೊತ್ತು ಮಾಡಿ ಕಳಿಸಿದ್ರೆ ನನ್ನಷ್ಟು ಕೆಟ್ಟೋಳಿಲ್ಲ.” ನಾವು ಕಳಿಸಲಿಲ್ಲ. ಯೋಚನೆ ಬಂದಿತ್ತು, ಕಳಿಸಲಿಲ್ಲ.

ಮುಂದಿನ ವಾರ ಅತ್ತೆ ಮೇಜನ್ನು ಮಡಚದೆ ಹಾಗೆಯೇ ಎಳೆದುಕೊಂಡು ಮನೆಗೆ ಬಂದರು. ಎಲ್ಲರನ್ನೂ ನಡುಮನೆಗೆ ಕರೆದರು. ಒಂದು ಖಾಲಿ ಡಬ್ಬಿಯನ್ನು ನಮ್ಮ ಮುಂದಿಟ್ಟರು.

“ಟಿಕೆಟ್ ಚೆಕ್ ಮಾಡೋ ಹೆಂಗಸು. ಈ ಡಬ್ಬಿ ತೋರಿಸಿ, ಇಂಥದ್ದೇ ಇನ್ನೊಂದು ಕೊಡಿ ಅಂದಳು. ನಾನು ಬಾಯೇ ತೆಗೆದಿರಲಿಲ್ಲ.” ಒಬ್ಬೊಬ್ಬರ ಮುಖವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. “ನಿಜ ಹೇಳಿ. ಯಾರು ಕಳಿಸಿದ್ದು?”

“ನಾನಲ್ಲ ಕಣೇ” ಅಂದರು ಮಾವ. “ನಾನಲ್ಲಮ್ಮ” ಅಂದ ಬಾಮೈದ. ಹೆಂಡತಿ ತಲೆಯಾಡಿಸಿದಳು. ಕೊನೆಗೆ ಅತ್ತೆಯ ಕಣ್ಣು ನನ್ನ ಮೇಲೆ ನಿಂತಿತು. ನಂಬಿಕೆ ಕಳೆದುಕೊಂಡವನ ಮಾತಿಗೆ ಬೆಲೆ ಎಲ್ಲಿಯದು? ಡಬ್ಬಿಯನ್ನು ಎತ್ತಿ ಒಳಗೆ ನೋಡಿದೆ. ತಳದ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಅಂಚಿನ ಸಂದಿಯಲ್ಲೂ ಉಗುರಿನಿಂದ ಕೆರೆದ ಗೀರುಗಳಿದ್ದವು.

“ಅತ್ತೆ, ನಾನು ಕಳಿಸಿದವಳಾಗಿದ್ರೆ ಇದು ತುಂಬಿರ್ತಿತ್ತು” ಅಂದೆ.

ಅತ್ತೆ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಆ ಗೀರುಗಳ ಮೇಲೆ ತಮ್ಮ ಬೆರಳನ್ನು ಒಂದು ಸುತ್ತು ಆಡಿಸಿದರು. “ಅಂಚಿನವರೆಗೂ ಕೆರೆದಿದಾಳೆ” ಅಂದರು. ದನಿ ಒಡೆಯಿತು. ಅಲ್ಲೇ ಕುಳಿತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು, ಅಳುತ್ತಲೇ ನಮ್ಮ ಮೂವರಿಗೂ ಸರದಿಯಂತೆ ಬೈದರು.